ಕಂಡುದನ್ನು ಮರೆಯದ ಕಣ್ಣು

ಕಣ್ಣಿದ್ದವರೆಲ್ಲ ನೋಡುತ್ತಾರೆ, ನೋಡಿದವರೆಲ್ಲ ಕಾಣುತ್ತಾರೆಂದು ಹೇಳಲಾಗದು. ನೋಡುವುದು ಇಂದ್ರಿಯದ ವ್ಯಾಪಾರ, ಕಾಣುವುದು ಅಂತಃಕರಣದ ವ್ಯಾಪಾರ. ತಾನು ಕಂಡುದನ್ನು ಪರರಿಗೆ ತೋರಿಸುವುದಾದರೋ ಇವೆರಡಕ್ಕಿಂತಲೂ ಗುರುತರವಾದ ಹೊಣೆ. ಈ ವಿಚಾರವು ನಮ್ಮ ಮನಸ್ಸಿನಲ್ಲಿ ಮತ್ತೆ ಮೂಡಲು ಒಂದು ಚಿಕ್ಕ ಪ್ರಸಂಗ ಕಾರಣವಾಯಿತು.

ಕಳೆದ ಬೇಸಗೆಯಲ್ಲಿ ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಪಡಸಾಲೆಯಲ್ಲಿ ಏಳೆಂಟು ವರ್ಷದ ಬಾಲಕನೊಬ್ಬ ಟಿ.ವಿ. ಮುಂದೆ ಕುಳಿತಿದ್ದ. ಪರದೆಯ ಮೇಲೆ ನಾಯಕನೆಂಬವನು ಬಂದೂಕು ಎತ್ತಿದ. ಒಂದೇ ನಿಮಿಷದಲ್ಲಿ ಹತ್ತಾರು ಜನ ಹುಳುಗಳಂತೆ ಉರುಳಿದರು. ಬಾಲಕ ಚಪ್ಪಾಳೆ ತಟ್ಟಿ ನಕ್ಕ. ಒಳಗಿನಿಂದ ಬಂದ ಅವನ ಅಜ್ಜಿ ಒಂದು ಕ್ಷಣ ಪರದೆಯನ್ನು ದಿಟ್ಟಿಸಿ ನೋಡಿ, ನಮ್ಮ ಕಡೆಗೆ ತಿರುಗಿ ಕೇಳಿದರು: “ಶಾಸ್ತ್ರಿಗಳ, ಇದನ್ನ ತೆಗೆದವರು ಖರೇ ಸಾವು ಕಣ್ಣಾರೆ ನೋಡ್ಯಾರೇನ್ರಿ?”

ಆ ಗಳಿಗೆಯಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ ಒಬ್ಬರ ನೆನಪಾಯಿತು. ಅವರು ಅಮೆರಿಕದ ಹಾಲಿವುಡ್ ಚಿತ್ರರಂಗದ ಹಿರಿಯ ನಿರ್ದೇಶಕರಾಗಿದ್ದ ಜಾರ್ಜ್ ಸ್ಟೀವನ್ಸ್. ಜನರನ್ನು ನಗಿಸುವುದರಲ್ಲಿ ನಿಸ್ಸೀಮರೆನಿಸಿದ್ದ ಅವರು ಸಾವನ್ನು ಕಣ್ಣಾರೆ ಕಂಡರು. ಕಂಡ ಮೇಲೆ ಮೊದಲಿನಂತೆ ಉಳಿಯಲಿಲ್ಲ. ಅವರ ಜೀವನವೃತ್ತಾಂತವನ್ನು ಈ ಸಲ ವಾಚಕರ ಮುಂದಿಡಲು ಬಯಸುತ್ತೇವೆ.

ನಗೆಯ ಗರಡಿ

ಸ್ಟೀವನ್ಸರು ಜನಿಸಿದ್ದು ೧೯೦೪ರ ಡಿಸೆಂಬರ್ ೧೮ರಂದು, ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ. ತಂದೆ ಲ್ಯಾಂಡರ್ಸ್ ಸ್ಟೀವನ್ಸ್, ತಾಯಿ ಜಾರ್ಜಿ ಕೂಪರ್. ಇಬ್ಬರೂ ರಂಗಭೂಮಿಯ ಕಲಾವಿದರು. ನಮ್ಮ ಕಡೆಯ ವೃತ್ತಿನಾಟಕ ಕಂಪನಿಗಳಿಗೆ ಮುಂದೆ ಒದಗಿದ ಗತಿಯೇ ಅಲ್ಲಿನ ನಾಟಕ ಮಂಡಳಿಗಳಿಗೂ ಒದಗಿತು. ಸಿನಿಮಾ ಬಂದು ಪ್ರೇಕ್ಷಕರನ್ನು ಸೆಳೆದುಕೊಂಡಿತು. ಕುಟುಂಬವು ಹೊಟ್ಟೆಪಾಡಿಗಾಗಿ ಲಾಸ್ ಏಂಜಲೀಸ್‌ಗೆ ಬಂದಿತು. ಹುಡುಗನ ಶಾಲೆ ಅರ್ಧಕ್ಕೆ ನಿಂತಿತು. ಹದಿನೇಳರ ಹರೆಯದಲ್ಲಿ ಅವನು ಸಹಾಯಕ ಛಾಯಾಗ್ರಾಹಕನಾಗಿ ಕ್ಯಾಮೆರಾ ಹೊರತೊಡಗಿದ.

ಹಾಲ್ ರೋಚ್ ಎಂಬ ನಿರ್ಮಾಪಕರ ಸ್ಟುಡಿಯೋದಲ್ಲಿ ಲಾರೆಲ್ ಮತ್ತು ಹಾರ್ಡಿ ಜೋಡಿಯ ಕಿರುಚಿತ್ರಗಳಿಗೆ ಸ್ಟೀವನ್ಸರು ಛಾಯಾಗ್ರಾಹಕರಾದರು. ಒಬ್ಬ ಸಣಕಲ, ಒಬ್ಬ ದಡಿಯ. ಆ ಜೋಡಿಯನ್ನು ನಮ್ಮ ಓದುಗರಲ್ಲಿಯೂ ಬಹಳ ಮಂದಿ ಬಲ್ಲರು. ಇಲ್ಲಿ ಒಂದು ಸಂಗತಿ ಗಮನಾರ್ಹ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಫಿಲ್ಮಿಗೆ ನೀಲಿ ಬಣ್ಣವು ಬಿಳಿಯಂತೆ ಕಾಣುತ್ತಿತ್ತು. ಆದುದರಿಂದ ಲಾರೆಲ್ಲರ ತಿಳಿನೀಲಿ ಕಣ್ಣುಗಳು ತೆರೆಯ ಮೇಲೆ ಕುರುಡರ ಕಣ್ಣುಗಳಂತೆ ಬೆಳ್ಳಗೆ ತೋರುತ್ತಿದ್ದವು. ಎಲ್ಲ ಬಣ್ಣಗಳ ಛಾಯೆಯನ್ನೂ ಗ್ರಹಿಸಬಲ್ಲ ‘ಪ್ಯಾಂಕ್ರೊಮ್ಯಾಟಿಕ್’ ಎಂಬ ಹೊಸ ಬಗೆಯ ಫಿಲ್ಮನ್ನು ಬಳಸಿ ಸ್ಟೀವನ್ಸರು ಆ ದೋಷವನ್ನು ನಿವಾರಿಸಿದರು. ನಟನ ಕಣ್ಣು ಕಾಣದಿದ್ದರೆ ಅವನ ಮನಸ್ಸು ಪ್ರೇಕ್ಷಕನಿಗೆ ಕಾಣುವುದೆಂತು? ಲಾರೆಲ್-ಹಾರ್ಡಿಯರ ಹಾಸ್ಯ ಹುಟ್ಟುವುದು ಬೀಳುವುದರಲ್ಲಲ್ಲ, ಬಿದ್ದವನು ಆಮೇಲೆ ಬೀರುವ ನೋಟದಲ್ಲಿ. ಪೆಟ್ಟು ಬಿದ್ದ ಮೇಲೆ ಒಂದು ಗಳಿಗೆ ತಾಳಿ ಮುಖವನ್ನು ನೋಡಬೇಕೆಂಬ ಪಾಠವನ್ನು ಸ್ಟೀವನ್ಸರು ಕಲಿತದ್ದು ಈ ನಗೆಯ ಗರಡಿಯಲ್ಲಿ.

ಮುಂದೆ ಆರ್.ಕೆ.ಓ. ಸಂಸ್ಥೆಯಲ್ಲಿ ನಿರ್ದೇಶಕರಾಗಿ ಅವರು ಹೆಸರು ಗಳಿಸಿದರು. ೧೯೩೫ರ ‘ಆಲಿಸ್ ಆಡಮ್ಸ್’ ಚಿತ್ರದಲ್ಲಿ ಸಾಮಾನ್ಯ ಕುಟುಂಬವೊಂದು ಸಿರಿವಂತ ಯುವಕನನ್ನು ಊಟಕ್ಕೆ ಕರೆಯುತ್ತದೆ. ಮಗಳಿಗೆ ಒಳ್ಳೆಯ ವರ ದೊರೆಯಲೆಂಬ ಆಸೆ. ಬಾಡಿಗೆಗೆ ತಂದ ಕೆಲಸದಾಕೆ, ಸುಡುವ ಸೆಕೆಯಲ್ಲಿ ಭಾರವಾದ ಬಿಸಿಬಿಸಿ ಅಡಿಗೆ, ಇಲ್ಲದ ದೊಡ್ಡಸ್ತಿಕೆಯ ಮಾತು, ಒಂದೊಂದೂ ಕೈಕೊಡುತ್ತದೆ. ಪ್ರೇಕ್ಷಕ ನಗುತ್ತಾನೆ, ನಗುತ್ತ ನಗುತ್ತ ಆ ಹುಡುಗಿಯ ಮುಖ ನೋಡಿ ಮರುಗುತ್ತಾನೆ. ಇಂಥ ಮನೆಗಳು ಓಣಿಗೊಂದು ಇಲ್ಲವೆ? ೧೯೩೬ರಲ್ಲಿ ಬಂದ ‘ಸ್ವಿಂಗ್ ಟೈಮ್’ ನೃತ್ಯಪ್ರಧಾನವಾದ ಚಿತ್ರ. ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಜೋಡಿಯ ಉತ್ತಮ ಚಿತ್ರಗಳ ಸಾಲಿನಲ್ಲಿ ಅದಕ್ಕೆ ಇಂದಿಗೂ ಸ್ಥಾನವಿದೆ.

ನಮ್ಮನ್ನು ನೋಯಿಸಿದ ಚಿತ್ರ

೧೯೩೯ರಲ್ಲಿ ತೆರೆಕಂಡ ‘ಗಂಗಾ ದಿನ್’ ಚಿತ್ರವನ್ನು ಭಾರತೀಯರಾದ ನಾವು ಮರೆಯುವಂತಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಕಿಪ್ಲಿಂಗರ ಪದ್ಯವೊಂದರ ಎಳೆಯನ್ನು ಹಿಡಿದು ಹೆಣೆದ ಕಥೆಯದು. ಮೂವರು ಆಂಗ್ಲ ಸೈನಿಕರು ವೀರರು. ಕಾಳಿಯನ್ನು ಪೂಜಿಸುವ ಭಾರತೀಯರು ಕೊಲೆಗಡುಕರು. ಒಳ್ಳೆಯವನೆಂದು ತೋರಿಸಿದ ಭಾರತೀಯನೆಂದರೆ ದಂಡಿಗೆ ನೀರು ಹೊರುವ ಗಂಗಾ ದಿನ್. ಅವನ ಜೀವಮಾನದ ಆಸೆ ಆಂಗ್ಲರ ಸೈನಿಕನಾಗುವುದು. ಕೊನೆಗೆ ಗಾಯಗೊಂಡ ಅವನು ಗೋಪುರವನ್ನೇರಿ ಕಹಳೆಯೂದಿ, ಆಂಗ್ಲ ಸೈನ್ಯವನ್ನು ಎಚ್ಚರಿಸಿ ಪ್ರಾಣ ಬಿಡುತ್ತಾನೆ. ಆ ಪಾತ್ರವನ್ನು ವಹಿಸಿದವರು ಮೈಗೆ ಕಂದುಬಣ್ಣ ಬಳಿದುಕೊಂಡ ಅಮೆರಿಕದ ನಟ ಸ್ಯಾಮ್ ಜಾಫೆ. ತೆರೆಯ ಮೇಲೆ ಭಾರತದ ವಾಯವ್ಯ ಗಡಿನಾಡಾಗಿ ಕಾಣುವ ಬೆಟ್ಟಗುಡ್ಡಗಳು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನವು.

ಸ್ವಾತಂತ್ರ್ಯದ ಹೋರಾಟದಲ್ಲಿ ನಿರತವಾಗಿದ್ದ ಭಾರತದಲ್ಲಿ ಈ ಚಿತ್ರದ ವಿರುದ್ಧ ಪ್ರತಿಭಟನೆ ಎದ್ದಿತು, ಪತ್ರಿಕೆಗಳು ಖಂಡಿಸಿದವು, ಪ್ರದರ್ಶನಕ್ಕೆ ನಿಷೇಧ ಬಂದಿತು. ಅಮೆರಿಕದಲ್ಲಾದರೋ ಜನ ಅದನ್ನು ಸಂಭ್ರಮದಿಂದ ನೋಡಿದರು. ಚಿತ್ರವನ್ನು ಚೆನ್ನಾಗಿ ತೆಗೆದಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅಪಾಯವಿದ್ದುದೂ ಅಲ್ಲಿಯೇ. ಕೆಟ್ಟದಾಗಿ ಹೇಳಿದ ಸುಳ್ಳು ತಾನಾಗಿ ಸಾಯುತ್ತದೆ. ಸೊಗಸಾಗಿ ಹೇಳಿದ ಸುಳ್ಳು ಬಹುಕಾಲ ಬಾಳುತ್ತದೆ. ಸ್ಟೀವನ್ಸರು ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. ನಗಾರಿ ಮೊಳಗಿಸಿ ಧ್ವಜ ಬೀಸುವ ಆ ಚಿತ್ರದ ಸಡಗರದಲ್ಲಿ ಕೇಡಿನ ಅಂಶವಿತ್ತೆಂದೂ, ಇನ್ನೊಂದು ವರ್ಷ ತಡವಾಗಿದ್ದರೆ ತಮಗೆ ಬುದ್ಧಿ ಬಂದು ಅದನ್ನು ಮಾಡುತ್ತಿರಲಿಲ್ಲವೆಂದೂ ಅವರು ಅನಂತರದ ದಿನಗಳಲ್ಲಿ ಹೇಳಿಕೊಂಡರು.

ಆ ಬುದ್ಧಿ ಬರಲು ಎರಡನೆಯ ಮಹಾಯುದ್ಧವೇ ಬರಬೇಕಾಯಿತು. ಜರ್ಮನಿಯ ಲೆನಿ ರೀಫೆನ್‌ಸ್ಟಾಲ್ ಎಂಬಾಕೆ ಹಿಟ್ಲರನ ಪಕ್ಷದ ನ್ಯೂರೆಂಬರ್ಗ್ ಸಮಾವೇಶವನ್ನು ಕುರಿತು ತೆಗೆದ ‘ಟ್ರಯಂಫ್ ಆಫ್ ದಿ ವಿಲ್’ ಎಂಬ ಪ್ರಚಾರಚಿತ್ರವನ್ನು ಸ್ಟೀವನ್ಸರು ನೋಡಿದರು. ೧೯೩೫ರಲ್ಲಿ ಬಿಡುಗಡೆಯಾಗಿದ್ದ ಆ ಚಿತ್ರದಲ್ಲಿಯೂ ಅದೇ ನಗಾರಿ, ಅದೇ ಧ್ವಜ, ಲಕ್ಷೋಪಲಕ್ಷ ಜನರ ಅದೇ ಉನ್ಮಾದ. ತಮ್ಮ ಕೈಯಲ್ಲಿದ್ದ ವಿದ್ಯೆಯೇ ಎಂತಹ ಮಾರಿಯಾಗಬಲ್ಲದೆಂಬುದು ಅವರಿಗೆ ಆಗ ಮನವರಿಕೆಯಾಯಿತು. ವಯಸ್ಸು ನಾಲ್ವತ್ತರ ಸಮೀಪ, ಮನೆಯಲ್ಲಿ ಹೆಂಡತಿ ಮತ್ತು ಮಗ, ಕೈತುಂಬ ಸಂಪಾದನೆ. ಸೈನ್ಯಕ್ಕೆ ಸೇರೆಂದು ಒತ್ತಾಯಿಸುವವರು ಯಾರೂ ಇರಲಿಲ್ಲ. ಆದರೂ ‘ದಿ ಮೋರ್ ದಿ ಮೆರಿಯರ್’ ಎಂಬ ಹಾಸ್ಯಚಿತ್ರವನ್ನು ಮುಗಿಸಿ, ೧೯೪೩ರಲ್ಲಿ ಸೇನೆಯ ಛಾಯಾಗ್ರಹಣ ವಿಭಾಗವನ್ನು ಸೇರಿದರು. ಅವರು ನಿರ್ದೇಶಿಸಿದ ಕೊನೆಯ ಹಾಸ್ಯಚಿತ್ರ ಅದೇ ಆಯಿತು.

ಡಾಕಾವ್

೧೯೪೪ರ ಜೂನ್ ೬ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿದಾಗ ಸ್ಟೀವನ್ಸರೂ ಅವರ ಛಾಯಾಗ್ರಾಹಕರ ತಂಡವೂ ಜೊತೆಗಿದ್ದರು. ಆಗಸ್ಟ್ ೨೫ರಂದು ಪ್ಯಾರಿಸ್ ಬಿಡುಗಡೆಯಾದ ಸಂಭ್ರಮವನ್ನೂ ಚಿತ್ರಿಸಿದರು. ಸೇನೆಯ ಕಡತಕ್ಕೂ ವಾರ್ತಾಚಿತ್ರಗಳಿಗೂ ಕಪ್ಪು-ಬಿಳುಪಿನ ದೊಡ್ಡ ಫಿಲ್ಮು; ಅದರ ಜೊತೆಗೆ ಅವರದೇ ಒಂದು ಪುಟ್ಟ ೧೬ ಮಿಲಿಮೀಟರ್ ಕ್ಯಾಮೆರಾ, ಅದರಲ್ಲಿ ವರ್ಣ ಫಿಲ್ಮು. ೧೯೪೫ರ ಏಪ್ರಿಲ್ ೨೫ರಂದು ಎಲ್ಬ್ ನದಿಯ ದಂಡೆಯ ಟೋರ್ಗಾವ್‌ನಲ್ಲಿ ಅಮೆರಿಕದ ಮತ್ತು ಸೋವಿಯತ್ ದೇಶದ ಸೈನಿಕರು ಪರಸ್ಪರ ಕೈಕುಲುಕಿದ ಸಂತೋಷವೂ ಅವರ ಕ್ಯಾಮೆರಾಕ್ಕೆ ಸಿಕ್ಕಿತು. ಅದಾದ ಕೆಲವೇ ದಿನಗಳಲ್ಲಿ ಅವರು ಡಾಕಾವ್ ತಲುಪಿದರು.

ಮ್ಯೂನಿಕ್ ನಗರದ ಬಳಿಯ ಡಾಕಾವ್, ನಾಜಿಗಳು ೧೯೩೩ರಲ್ಲಿ ತೆರೆದ ಯಾತನಾ ಶಿಬಿರ. ೧೯೪೫ರ ಏಪ್ರಿಲ್ ೨೯ರಂದು ಅಮೆರಿಕದ ಸೈನ್ಯ ಅದರ ಬಾಗಿಲು ತೆರೆಸಿತು. ಒಳಗೆ ಮೂವತ್ತು ಸಾವಿರಕ್ಕೂ ಹೆಚ್ಚು ಕೈದಿಗಳು ಎಲುಬಿನ ಹಂದರಗಳಾಗಿ ಉಸಿರಾಡುತ್ತಿದ್ದರು. ಹೊರಗೆ ಹಳಿಯ ಮೇಲೆ ನಿಂತಿದ್ದ ರೈಲಿನ ಡಬ್ಬಿಗಳ ತುಂಬ ಹೆಣಗಳು. ವಿಷಮಜ್ವರವು ಶಿಬಿರದಲ್ಲಿ ಹಬ್ಬಿತ್ತು. ಬಿಡುಗಡೆಯಾದ ಮೇಲೆಯೂ ಜನ ಸಾಯುತ್ತಲೇ ಇದ್ದರು. ಸ್ಟೀವನ್ಸರು ಮುಖ ತಿರುಗಿಸಲಿಲ್ಲ. ದಿನಗಟ್ಟಲೆ ಅಲ್ಲಿದ್ದು, ತಾವೂ ಕ್ಯಾಮೆರಾ ಹಿಡಿದು, ತಮ್ಮ ತಂಡದವರಿಂದಲೂ ಹಿಡಿಸಿ, ಕಂಡುದನ್ನು ಕಂಡಂತೆ ದಾಖಲಿಸಿದರು.

ಅಲ್ಲಿಯ ಒಂದು ಅನುಭವವನ್ನು ಅವರು ಬಹುಕಾಲದ ಅನಂತರ ಹೇಳಿಕೊಂಡಿದ್ದಾರೆ. ನಮ್ಮ ದೃಷ್ಟಿಯಲ್ಲಿ ಅವರ ಜೀವನದ ತಿರುಳೇ ಅದು. ಹಸಿವಿನಿಂದ ಕಂಗೆಟ್ಟು ಕಣ್ಣು ಮಂಜಾದ ಕೈದಿಯೊಬ್ಬ ತಡವರಿಸುತ್ತ ಬಂದು ಅವರನ್ನು ಹಿಡಿದುಕೊಂಡು ಬೇಡತೊಡಗಿದಾಗ, ಅವರ ಮನಸ್ಸಿನಲ್ಲಿ ಕರುಣೆಯಲ್ಲ, ಜುಗುಪ್ಸೆ ಹುಟ್ಟಿತು. ಇವನು ನನ್ನನ್ನು ಮುಟ್ಟದಿರಲಿ ಎನ್ನಿಸಿತು. ಅವನನ್ನು ದೂರ ತಳ್ಳಲು ತಾನೂ ಕ್ರೂರನಾಗಬಲ್ಲೆನೆಂಬುದು ಆ ಕ್ಷಣದಲ್ಲಿ ಅವರಿಗೆ ತಿಳಿಯಿತು. ಯಾವ ನಾಜಿಯನ್ನು ದ್ವೇಷಿಸಿ ಅಷ್ಟು ದೂರ ಬಂದಿದ್ದರೋ ಆ ನಾಜಿಯ ನೆರಳು ತಮ್ಮೊಳಗೇ ಕಂಡಿತು. ಪರರಲ್ಲಿ ನಾವು ಅತ್ಯಂತ ಹೇಯವೆಂದು ಬಗೆಯುವುದನ್ನು ನಮ್ಮಲ್ಲಿಯೇ ಕಂಡುಕೊಳ್ಳುವುದಕ್ಕಿಂತ ದಾರುಣವಾದುದು ಬೇರೆ ಯಾವುದಿದೆ?

ಗೆದ್ದ ಸೈನ್ಯದ ಅಧಿಕಾರಿ, ಪ್ರಸಿದ್ಧ ವ್ಯಕ್ತಿ. ಕೈದಿಗಳನ್ನು ಕಂಡು ಕಣ್ಣೀರಿಟ್ಟೆನೆಂದು ಹೇಳಿಕೊಂಡಿದ್ದರೆ ಜಗತ್ತು ಕೊಂಡಾಡುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಶತ್ರುವಿನ ಪಾಪಕ್ಕೆ ಸಾಕ್ಷಿ ನುಡಿಯುವವರು ಬಹಳ ಮಂದಿ ಸಿಕ್ಕಾರು. ತನ್ನೊಳಗಿನ ಪಾಪಬೀಜಕ್ಕೆ ಸಾಕ್ಷಿ ನುಡಿಯುವವರು ವಿರಳ.

ಲೋಕದ ಮುಂದೆಯೂ ಅವರು ಸಾಕ್ಷಿಯಾದರು. ೧೯೪೫ರ ನವೆಂಬರ್ ೨೯ರಂದು ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಯಾತನಾ ಶಿಬಿರಗಳ ಚಿತ್ರವನ್ನು ಒಂದು ಗಂಟೆಯ ಕಾಲ ತೋರಿಸಲಾಯಿತು. ಕತ್ತಲು ಕವಿದ ಸಭಾಂಗಣದಲ್ಲಿ ಆರೋಪಿಗಳ ಮುಖಗಳು ಕಾಣುವಂತೆ ಅವರ ಕಟಕಟೆಗೆ ಮಾತ್ರ ದೀಪಗಳನ್ನು ಅಳವಡಿಸಿದ್ದರು. ಚಿತ್ರದ ಆರಂಭದಲ್ಲಿಯೇ ಸ್ಟೀವನ್ಸರ ಪ್ರಮಾಣಪತ್ರವಿದೆ: ಈ ದೃಶ್ಯಗಳನ್ನು ತಿದ್ದಿಲ್ಲ, ಇದ್ದುದನ್ನು ಇದ್ದಂತೆ ತೋರಿಸಿದೆ ಎಂಬುದು ಅದರ ಸಾರ. ಕತ್ತರಿಸಿ ಜೋಡಿಸುವುದನ್ನೇ ವೃತ್ತಿಯಾಗಿ ಉಳ್ಳ ಕಲಾವಿದನೊಬ್ಬ, ತಾನು ಏನನ್ನೂ ಬದಲಿಸಿಲ್ಲವೆಂದು ಆಣೆಯಿಟ್ಟು ಹೇಳಿದ ಸಂದರ್ಭವದು.

ಒಂದು ಗುಂಡಿನ ಸದ್ದು

ಯುದ್ಧದಿಂದ ಮರಳಿದ ಸ್ಟೀವನ್ಸರು ಮತ್ತೆ ಹಾಸ್ಯಚಿತ್ರಕ್ಕೆ ಕೈಹಾಕಲಿಲ್ಲ. ಹಾಸ್ಯವನ್ನು ಅವರು ಕೀಳೆಂದು ಬಗೆದರೆಂದು ಇದರ ಅರ್ಥವಲ್ಲ. ಅವರೊಳಗಿನ ನಗೆಯ ಒರತೆ ಬತ್ತಿತ್ತು. ೧೯೪೮ರಲ್ಲಿ ‘ಐ ರಿಮೆಂಬರ್ ಮಾಮಾ’ ಎಂಬ ಚಿತ್ರದಲ್ಲಿ, ನಾರ್ವೆಯಿಂದ ವಲಸೆ ಬಂದ ಬಡ ಕುಟುಂಬವನ್ನು ಕಾಸಿಗೆ ಕಾಸು ಎಣಿಸಿ ಸಾಕಿದ ತಾಯಿಯೊಬ್ಬಳ ಕಥೆ ಹೇಳಿದರು. ೧೯೫೧ರ ‘ಎ ಪ್ಲೇಸ್ ಇನ್ ದಿ ಸನ್’ ಅವರಿಗೆ ಶ್ರೇಷ್ಠ ನಿರ್ದೇಶಕನೆಂಬ ಆಸ್ಕರ್ ಪ್ರಶಸ್ತಿ ತಂದಿತು. ಸಿರಿವಂತ ಕನ್ಯೆಯ ಆಸೆಗೆ ಬಿದ್ದ ಬಡ ಯುವಕ, ತನ್ನಿಂದ ಗರ್ಭಿಣಿಯಾದವಳನ್ನು ಕೊಲ್ಲಲೆಂದು ಸರೋವರಕ್ಕೆ ಕರೆದೊಯ್ಯುತ್ತಾನೆ; ಅಲ್ಲಿ ಮನಸ್ಸು ಹಿಂಜರಿಯುತ್ತದೆ; ಆದರೆ ದೋಣಿ ಮಗುಚಿ ಆಕೆ ಮುಳುಗುತ್ತಾಳೆ. ಕೈ ಕೊಲ್ಲಲಿಲ್ಲ, ಮನಸ್ಸು ಕೊಂದಿತ್ತು. ಹಾಗಾದರೆ ಅವನು ಕೊಲೆಗಾರನೆ? ಡಾಕಾವ್‌ನಲ್ಲಿ ತನ್ನೊಳಗನ್ನು ಇಣುಕಿ ನೋಡಿದವರಿಗೆ ಮಾತ್ರ ಈ ಪ್ರಶ್ನೆಯನ್ನು ಇಷ್ಟು ತೀವ್ರವಾಗಿ ಕೇಳಲು ಸಾಧ್ಯವೆಂದು ನಮಗೆ ತೋರುತ್ತದೆ.

ಅಜ್ಜಿಯ ಪ್ರಶ್ನೆಗೆ ನೇರವಾದ ಉತ್ತರವಿರುವುದು ೧೯೫೩ರ ‘ಶೇನ್’ ಚಿತ್ರದಲ್ಲಿ. ವಯೋಮಿಂಗ್ ಪ್ರಾಂತದ ಹಿಮಶಿಖರಗಳ ಅಡಿಯಲ್ಲಿ ಬಡ ರೈತರಿಗೂ ದನಗಳ ದೊಡ್ಡ ಒಡೆಯನಿಗೂ ನಡೆಯುವ ನೆಲದ ಜಗಳ ಅದು. ಅಂತಹ ಕಥೆಗಳಲ್ಲಿ ಗುಂಡಿನ ಸುರಿಮಳೆ ವಾಡಿಕೆ, ಬಿದ್ದವರನ್ನು ಲೆಕ್ಕವಿಡುವವರಿಲ್ಲ. ಸ್ಟೀವನ್ಸರು ಗುಂಡುಗಳನ್ನು ಕಡಿಮೆ ಮಾಡಿದರು. ಹಾರಿದ ಒಂದೊಂದು ಗುಂಡಿನ ಸದ್ದನ್ನು ಫಿರಂಗಿಯ ಸದ್ದಿನಷ್ಟು ಹಿಗ್ಗಿಸಿದರು. ಒಡೆಯನು ಕೂಲಿಗೆ ತಂದ ಕೊಲೆಗಾರ, ಕೆಸರು ತುಂಬಿದ ಬೀದಿಯಲ್ಲಿ ಮುಗ್ಧ ರೈತನೊಬ್ಬನನ್ನು ಕೆಣಕಿ ಗುಂಡು ಹಾರಿಸುತ್ತಾನೆ. ಆ ರೈತ ನಾಟಕೀಯವಾಗಿ ಎದೆ ಹಿಡಿದುಕೊಂಡು ಕುಸಿಯುವುದಿಲ್ಲ. ಗೂಳಿ ಹಾಯ್ದಂತೆ ಹಿಂದಕ್ಕೆ ಎಸೆಯಲ್ಪಟ್ಟು ಕೆಸರಿನಲ್ಲಿ ಬೀಳುತ್ತಾನೆ. ಇದಕ್ಕಾಗಿ ನಟನ ಮೈಗೆ ತಂತಿ ಕಟ್ಟಿ ಹಿಂದಿನಿಂದ ಜಗ್ಗಿಸಿದ್ದರು. ನೋಡುವವರು ಬೆಚ್ಚಿಬಿದ್ದರು. ಬೀಳಲೇಬೇಕೆಂಬುದು ನಿರ್ದೇಶಕರ ಉದ್ದೇಶವಾಗಿತ್ತು. ಬಂದೂಕು ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆಂಬುದನ್ನು ಅವರು ಯುದ್ಧದಲ್ಲಿ ಕಂಡಿದ್ದರು. ಆ ಕಥೆಯಲ್ಲಿಯೂ ಬಂದೂಕಿಗೆ ಮರುಳಾದ ಪುಟ್ಟ ಬಾಲಕನೊಬ್ಬನಿದ್ದಾನೆ. ಕೊನೆಯಲ್ಲಿ ನಾಯಕನು ಅವನಿಗೆ ತಿಳಿಹೇಳುವುದು ಗೆಲುವಿನ ಹೆಮ್ಮೆಯನ್ನಲ್ಲ. ಕೊಂದವನಿಗೆ ಹಿಂದಿನ ಬಾಳು ಮರಳಿ ದೊರೆಯದೆಂಬ ಕಟುಸತ್ಯವನ್ನು.

ತೆರೆಯ ಹೊರಗೂ ಅವರು ಅದೇ ಮನುಷ್ಯರಾಗಿದ್ದರು. ೧೯೫೦ರಲ್ಲಿ ಕಮ್ಯೂನಿಸ್ಟರ ಭೀತಿ ಅಮೆರಿಕವನ್ನು ಆವರಿಸಿದ್ದಾಗ, ನಿರ್ದೇಶಕರ ಸಂಘದ ಸದಸ್ಯರೆಲ್ಲ ಕಡ್ಡಾಯವಾಗಿ ದೇಶನಿಷ್ಠೆಯ ಪ್ರಮಾಣ ಮಾಡಬೇಕೆಂದು ಸೆಸಿಲ್ ಬಿ. ಡಿಮಿಲ್ ಅವರ ಗುಂಪು ಪಟ್ಟು ಹಿಡಿಯಿತು. ಇದನ್ನು ವಿರೋಧಿಸಿದ ಅಧ್ಯಕ್ಷ ಮ್ಯಾಂಕಿವಿಚ್‌ರನ್ನು ಪದವಿಯಿಂದ ಇಳಿಸಲು ಗುಟ್ಟಾಗಿ ಮತಪತ್ರಗಳನ್ನು ಕಳಿಸಲಾಯಿತು. ಸ್ಟೀವನ್ಸರು ಈ ಗುಟ್ಟಿನ ಒಂದೊಂದು ವಿವರವನ್ನೂ ಕಲೆಹಾಕಿ, ಅಕ್ಟೋಬರ್ ೨೨ರ ಮಹಾಸಭೆಯಲ್ಲಿ ಎಲ್ಲರ ಎದುರು ಬಿಚ್ಚಿಟ್ಟರು. ಪದವಿ ಬಿಟ್ಟುಕೊಡಬೇಕಾದದ್ದು ಡಿಮಿಲ್ ಮತ್ತು ಅವರ ಆಡಳಿತ ಮಂಡಳಿ.

ನೀರು ಹೊರುವವನಿಂದ ಮೊಮ್ಮಗನವರೆಗೆ

೧೯೫೬ರ ‘ಜೈಂಟ್’ ಚಿತ್ರವನ್ನು ನೋಡುವಾಗ ನಮಗೆ ಬೇಡವೆಂದರೂ ‘ಗಂಗಾ ದಿನ್’ ನೆನಪಾಗುತ್ತದೆ. ಟೆಕ್ಸಾಸ್ ಪ್ರಾಂತದ ಭೂಮಾಲೀಕನೊಬ್ಬ ತನ್ನ ಕೈಕೆಳಗೆ ದುಡಿಯುವ ಮೆಕ್ಸಿಕೋ ಮೂಲದವರನ್ನು ತಾತ್ಸಾರದಿಂದ ಕಾಣುತ್ತ ಬಂದವನು. ಮಗನು ಅದೇ ಜನಾಂಗದ ಹೆಣ್ಣನ್ನು ವರಿಸುತ್ತಾನೆ. ಕಂದುಬಣ್ಣದ ಮೊಮ್ಮಗ ಹುಟ್ಟುತ್ತಾನೆ. ಮುಂದೊಮ್ಮೆ ದಾರಿಬದಿಯ ಉಪಾಹಾರ ಗೃಹದಲ್ಲಿ ಮೆಕ್ಸಿಕನ್ ಕುಟುಂಬವೊಂದನ್ನು ಮಾಲೀಕನು ಹೊರಗಟ್ಟಲು ಬಂದಾಗ, ಈ ವೃದ್ಧ ಎದ್ದು ನಿಂತು ಹೊಡೆದಾಡುತ್ತಾನೆ. ಚೆನ್ನಾಗಿ ಹೊಡೆತ ತಿಂದು ಎಂಜಲು ತಟ್ಟೆಗಳ ನಡುವೆ ಬೀಳುತ್ತಾನೆ. ಹೆಂಡತಿಯ ಕಣ್ಣಿಗೆ ಗಂಡ ನಿಜವಾಗಿ ದೊಡ್ಡವನಾಗಿ ಕಂಡದ್ದು ಆ ದಿನ. ಕೊನೆಯಲ್ಲಿ ಒಬ್ಬ ಬಿಳಿಯ, ಒಬ್ಬ ಕಂದು, ಇಬ್ಬರು ಮೊಮ್ಮಕ್ಕಳು ಒಂದೇ ಕಟಾಂಜನದೊಳಗೆ ನಿಂತು ನಮ್ಮನ್ನು ನೋಡುತ್ತಾರೆ. ಹದಿನೇಳು ವರ್ಷಗಳ ಹಿಂದೆ ಕಂದುಬಣ್ಣದವನನ್ನು ನೀರು ಹೊರುವ ಆಳಾಗಿ ತೋರಿಸಿದ ಅದೇ ನಿರ್ದೇಶಕರು ಈಗ ಅವನನ್ನು ಮನೆಯ ಕುಡಿಯಾಗಿ ತೋರಿಸಿದರು. ಇದನ್ನು ಪ್ರಾಯಶ್ಚಿತ್ತವೆಂದು ಅವರು ಎಲ್ಲಿಯೂ ಹೇಳಿಕೊಂಡಂತಿಲ್ಲ. ಹಾಗೆ ಬಗೆಯಲು ನಮಗೇನೂ ಅಡ್ಡಿಯಿಲ್ಲ. ಈ ಚಿತ್ರಕ್ಕಾಗಿ ಅವರಿಗೆ ಎರಡನೆಯ ಸಲ ಆಸ್ಕರ್ ದೊರೆಯಿತು.

೧೯೫೯ರಲ್ಲಿ ಅವರು ‘ದಿ ಡೈರಿ ಆಫ್ ಆನ್ ಫ್ರಾಂಕ್’ ಚಿತ್ರವನ್ನು ತೆಗೆದರು. ನಾಜಿಗಳಿಗೆ ಅಂಜಿ ಆಮ್‌ಸ್ಟರ್‌ಡ್ಯಾಂ ನಗರದ ಮನೆಯೊಂದರ ಹಿಂಭಾಗದಲ್ಲಿ ಅಡಗಿದ್ದು, ೧೯೪೫ರಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಅಸುನೀಗಿದ ಯಹೂದಿ ಬಾಲೆಯ ಕಥೆ ಅದು. ಶಿಬಿರ ಎಂದರೇನೆಂದು ಸ್ಟೀವನ್ಸರಷ್ಟು ಬಲ್ಲ ನಿರ್ದೇಶಕರು ಹಾಲಿವುಡ್ಡಿನಲ್ಲಿ ಎಷ್ಟು ಮಂದಿ ಇದ್ದರು? ಆದರೂ ಬಿಡುಗಡೆಯಾದ ಚಿತ್ರದಲ್ಲಿ ಶಿಬಿರವಿಲ್ಲ. ಆನ್ ಶಿಬಿರದಲ್ಲಿ ನಿಂತಿರುವ ಕೊನೆಯ ದೃಶ್ಯವೊಂದನ್ನು ಮೊದಲು ಚಿತ್ರಿಸಿದ್ದರೂ, ಪರೀಕ್ಷಾ ಪ್ರದರ್ಶನದ ಅನಂತರ ತೆಗೆದುಹಾಕಲಾಯಿತು. ಮೆಟ್ಟಿಲ ಮೇಲಿನ ಬೂಟುಗಾಲಿನ ಸಪ್ಪಳ, ಉಸಿರು ಬಿಗಿಹಿಡಿದ ಮುಖಗಳು, ಇಷ್ಟರಲ್ಲಿಯೇ ಪ್ರೇಕ್ಷಕನ ಎದೆ ನಡುಗುತ್ತದೆ.

ಅನಂತರದ ದಿನಗಳು ಅಷ್ಟು ಫಲಪ್ರದವಾಗಲಿಲ್ಲ. ಏಸುವಿನ ಜೀವನವನ್ನು ಕುರಿತು ಅಪಾರ ವೆಚ್ಚದಲ್ಲಿ ತೆಗೆದ ೧೯೬೫ರ ಚಿತ್ರ ಸೋತಿತು. ೧೯೭೦ರ ಚಿತ್ರವೇ ಕೊನೆಯದಾಯಿತು. ೧೯೭೫ರ ಮಾರ್ಚ್ ೮ರಂದು ಅವರು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

ಯುದ್ಧದಲ್ಲಿ ತಾವೇ ತೆಗೆದ ವರ್ಣ ಫಿಲ್ಮಿನ ಸುರುಳಿಗಳನ್ನು ಅವರು ಡಬ್ಬಿಗಳಲ್ಲಿ ಭದ್ರಪಡಿಸಿ ಉಗ್ರಾಣದಲ್ಲಿಟ್ಟಿದ್ದರು. ಅವನ್ನು ಮಾರಲಿಲ್ಲ, ತಮ್ಮ ಯಾವ ಕಥಾಚಿತ್ರಕ್ಕೂ ಬಳಸಿಕೊಳ್ಳಲಿಲ್ಲ, ಎಸೆಯಲೂ ಇಲ್ಲ. ತಂದೆ ತೀರಿಕೊಂಡ ಮೇಲೆ ಮಗನು ಅವುಗಳನ್ನು ತೆರೆದು, ೧೯೮೪ರಲ್ಲಿ ತಂದೆಯನ್ನು ಕುರಿತ ಸಾಕ್ಷ್ಯಚಿತ್ರದಲ್ಲಿಯೂ, ೧೯೯೪ರಲ್ಲಿ ದೂರದರ್ಶನಕ್ಕಾಗಿ ಸಿದ್ಧಪಡಿಸಿದ ಇನ್ನೊಂದು ಚಿತ್ರದಲ್ಲಿಯೂ ಲೋಕಕ್ಕೆ ತೋರಿಸಿದರು. ೨೦೦೮ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಸ್ಟೀವನ್ಸರ ಯುದ್ಧಕಾಲದ ಚಿತ್ರಿಕೆಯನ್ನು ರಾಷ್ಟ್ರೀಯ ಚಲನಚಿತ್ರಗಳ ಪಟ್ಟಿಗೆ ಸೇರಿಸಿತು.

ವಾಚಕರೆ, ಮನೆಯಿಂದ ಟಿ.ವಿ.ಯನ್ನು ಹೊರಹಾಕಿರೆಂದು ನಾವು ಹೇಳುತ್ತಿಲ್ಲ. ಹೊರಹಾಕಿದರೆ ಅದು ಮೊಬೈಲಿನ ರೂಪದಲ್ಲಿ ಮಕ್ಕಳ ಅಂಗೈಗೇ ಬಂದು ಕೂರುತ್ತದೆ. ಮಕ್ಕಳ ಜೊತೆಗೆ ಹಿರಿಯರೂ ಒಂದಿಷ್ಟು ಹೊತ್ತು ಕುಳಿತು ನೋಡಲಿ. ಪರದೆಯ ಮೇಲೆ ಒಬ್ಬನು ಬಿದ್ದಾಗ, “ಅವನ ಮನೆಯಲ್ಲಿ ಯಾರು ದಾರಿ ಕಾಯುತ್ತಿರಬಹುದು?” ಎಂದು ಒಂದು ಮಾತು ಕೇಳಲಿ. ನೋಡುವ ಮಗುವನ್ನು ಕಾಣುವ ಮಗುವನ್ನಾಗಿ ಮಾಡಲು ಕೆಲವೊಮ್ಮೆ ಅಂತಹ ಒಂದು ಪ್ರಶ್ನೆ ಸಾಕಾಗುತ್ತದೆ.

ಮೊನ್ನೆ ಆ ಮನೆಗೆ ಮತ್ತೆ ಹೋಗುವ ಸಂದರ್ಭ ಬಂದಿತು. ಈ ವೃತ್ತಾಂತವನ್ನೆಲ್ಲ ಅಜ್ಜಿಗೆ ಹೇಳಿದೆವು. ಬಾಲಕನೂ ಪಕ್ಕದಲ್ಲಿ ಕುಳಿತು ಕೇಳಿದ. ಫಿರಂಗಿಯಂಥ ಸದ್ದು ಎಂದಾಗ ಅವನ ಕಣ್ಣು ಅರಳಿದವು. ರೈತ ಕೆಸರಿನಲ್ಲಿ ಬಿದ್ದನೆಂದಾಗ ಅವನು ನಗಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಹಂಗಾರ ಶಾಸ್ತ್ರಿಗಳ, ಖರೇ ಕಂಡವರು ಕಡಿಮಿ ತೋರಿಸ್ತಾರ ಅಂದಂಗಾತು.”